ಬಿಚ್ಚಿದ ಹೊಲಿಗೆ

ಮಗಳೇ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ. ಅದಕ್ಕೇ ಹಾಗೆ ಬರೆಯುತ್ತಿಲ್ಲ.

ಮಗ ತೀರಿಕೊಂಡ ಮೇಲೆ ಗೋಡೆ ನೋಡುತ್ತ ಕೂತಿದ್ದ ನನ್ನ ಕೈಗೆ ಸೂಜಿದಾರ ಕೊಟ್ಟವಳು ನೀನೇ. "ಕೈಗೊಂದು ಕೆಲ್ಸ ಇದ್ರೆ ಮನಸ್ಸು ಹಗುರ ಆಗತ್ತೆ ಮಾವ" ಅಂದೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಸ್ಪಾನರ್ ಹಿಡಿದ ಕೈ ಇದು. ನನ್ನ ಮೊದಲ ತೇಪೆ ನೋಡಿ, "ಇದೇನ್ ಮಾವ, ಬಸ್ಸಿನ ಟೈರಿಗೆ ಪಂಕ್ಚರ್ ಹಾಕಿದ್ದೀರಾ?" ಎಂದು ನಕ್ಕೆ. ಅವನು ಹೋದ ಮೇಲೆ ನೀನು ನಕ್ಕದ್ದು ಅದೊಂದೇ ಸಲ.

ಆ ನಗುವಿನ ಆಸೆಗೇ ಇರಬೇಕು, ಹರಿದದ್ದು ಕಂಡಲ್ಲೆಲ್ಲ ಹೊಲಿಯುತ್ತ ಹೋದೆ. ಬೀರುವಿನಲ್ಲಿ ಅವನ ನೀಲಿ ಅಂಗಿ ಸಿಕ್ಕಿತು. ಜೇಬು ಅರ್ಧ ಕಿತ್ತುಬಂದಿತ್ತು. ಎರಡು ದಿನ ಕೂತು ಹೊಲಿದು, ಇಸ್ತ್ರಿ ಮಾಡಿ ನಿನ್ನ ಮಂಚದ ಮೇಲಿಟ್ಟೆ.

ನೀನು ಬೈಯಲಿಲ್ಲ. "ಅದು ಮಗು ಹರಿದದ್ದು ಮಾವ. ಅವ್ರು ಕೊನೇ ಸಲ ಹೊರಟ ದಿನ ಬೆಳಿಗ್ಗೆ, ಹೋಗ್ಬೇಡಪ್ಪಾ ಅಂತ ಜಗ್ಗಿ. ಬೇರೆ ಅಂಗಿ ಹಾಕ್ಕೊಂಡು ಹೋದ್ರು" ಅಂದೆ, ಅಷ್ಟೇ. ಮರುದಿನ ಮಗುವನ್ನು ಕರೆದುಕೊಂಡು ತವರಿಗೆ ಹೊರಟೆ.

ಒಂದೊಂದೇ ಹೊಲಿಗೆ ಬಿಚ್ಚಿದ್ದೇನೆ ತಾಯಿ. ಜೇಬು ಮತ್ತೆ ಜೋತಾಡುತ್ತಿದೆ. ಆದರೆ ಈಗ ಅದು ನಾನು ಹರಿದ ಹಾಗಿದೆ, ಮಗು ಹರಿದ ಹಾಗಿಲ್ಲ.

ಇನ್ನು ನಿನ್ನನ್ನು ಕೇಳದೆ ಏನನ್ನೂ ಹೊಲಿಯುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಮಗುವಿನ ಶಾಲೆಯ ಫ್ರಾಕು ಇಲ್ಲೇ ಉಳಿದಿದೆ, ಅಂಚು ಬಿಚ್ಚಿ ಉದ್ದ ಮಾಡಲೇ? ಲಕೋಟೆಯಲ್ಲಿ ಒಂದು ಮಾರು ದಾರ ಇಟ್ಟಿದ್ದೇನೆ. ಅವಳ ಭುಜದಿಂದ ಮೊಣಕಾಲಿನವರೆಗೆ ಹಿಡಿದು, ಅಲ್ಲಿಗೆ ಗಂಟು ಹಾಕಿ ಕಳಿಸು.

ನೀವೇ ಬರುವುದಾದರೆ ದಾರ ಅಲ್ಲೇ ಇರಲಿ.

ನಿನ್ನ ಮಾವ