ಕೊಡಗಳ ಸಾಲಿನ ಕಾನೂನು

೬ ಮಾರ್ಚ್ ೨೦೧೬, ಭಾನುವಾರ, ಸಂಜೆ

ಬೀದರ ಜಿಲ್ಲೆಯ ಸಮಸ್ತ ಪ್ರಜೆಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಚಿದ್ರಿ ನಿವಾಸಿ, ದಸ್ತಾವೇಜು ಬರಹಗಾರ ವೈಜಿನಾಥ, ವಯಸ್ಸು ಐವತ್ತೊಂದು, ಈ ದಿನ ತನ್ನ ನಲವತ್ತು ಆಟದ ಕಾರ್ಡುಗಳಿಗೆ ಪ್ಲಾಸ್ಟಿಕ್ ಅಂಗಿ ತೊಡಿಸಿದ್ದಾನೆ. ಹಿಂಭಾಗ ಕಪ್ಪು. ಅಂಗಡಿಯವನ ಭಾಷೆಯಲ್ಲಿ ಸ್ಲೀವ್. ಐವತ್ತರ ಕಟ್ಟು, ಹತ್ತು ಉಳಿದಿವೆ. ಇತಿಹಾಸ ದಾಖಲಿಸಿಕೊಳ್ಳಲಿ. ಹೆಂಡತಿ ಸುಮಿತ್ರಾಬಾಯಿ ಆಗಲೇ ದಾಖಲಿಸಿಯಾಯಿತು — "ಕಾರ್ಡಿಗಿ ಅಂಗಿ ಹೊಲಿಸ್ಯಾರ. ತಮ್ಮ ಬನೀನಿಗಿ ತೂತು ಬಿದ್ದದ್ದು ಕಾಣವಲ್ದು."

ಬೆಳಗ್ಗೆ ಎಂದಿನಂತೆ ಚೌಬಾರಾ ಹತ್ತಿರ, ಅಜೀಜಾ ಬೇಗಂ ಅವರ ಜೆರಾಕ್ಸ್ ಅಂಗಡಿಯ ಮಾಳಿಗೆ. ಬೀದರ, ಭಾಲ್ಕಿ, ಔರಾದ — ಎಲ್ಲ ಸೇರಿ ಎಂಟು ಜನ. ಆಟಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ. ನಾವು 'ಕಿಲ್ಲಾ' ಅನ್ನುತ್ತೇವೆ. ಒಬ್ಬೊಬ್ಬರಿಗೆ ಒಂದು ಕೋಟೆ, ಒಂದಷ್ಟು ಸಿಪಾಯಿ. ಎದುರಿನವರ ಕೋಟೆ ಕೆಡವಬೇಕು. ಮತ್ತೆ ನಾನೇ ಗೆದ್ದೆ. ಮತ್ತೆ ಮಚ್ಛೇಂದ್ರನೇ ಸೋತ.

ಮಚ್ಛೇಂದ್ರ ಸಂತಪುರದವನು. ಮೊಬೈಲ್ ರಿಪೇರಿ. ಕೈ ಚುರುಕು, ಆಟದಲ್ಲಿ ಮಾತ್ರ ದಡ್ಡ — ಗುರಾಣಿ ಕಾರ್ಡು ಬಿಡುವುದಿಲ್ಲ. ನಾನು ಅವನ ಸಿಪಾಯಿಯ ಮೇಲೆ ಅಗ್ನಿಬಾಣ ಇಟ್ಟೆ. ಅವನು ಅದರ ಮೇಲೆ ಗುರಾಣಿ ಇಟ್ಟ. ಯಾವುದು ಮೊದಲು ನಡೆಯಬೇಕು? ಹೋದ ಬೇಸಿಗೆ ಈ ಪ್ರಶ್ನೆ ಬಂದಾಗ ತೀರ್ಪು ಕೊಟ್ಟವನು ನಾನೇ. ಕೆಳಗೆ ಬೀದಿಯಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು. ಬೆರಳು ಮಾಡಿ ತೋರಿಸಿದೆ — ಮೊದಲು ಇಟ್ಟವರ ಕೊಡ ಮೊದಲು ತುಂಬುತ್ತದೆ. ಕಾರ್ಡಿಗೂ ಅದೇ ಕಾನೂನು. ಬಾಣ ಮೊದಲು. ಸಿಪಾಯಿ ಬೂದಿ. ಆಮೇಲೆ ಬರುವ ಗುರಾಣಿ ಹೆಣಕ್ಕೆ ಹೆಲ್ಮೆಟ್ಟು. ಎಲ್ಲರೂ ವಾಹ್ ಅಂದರು. ಅಂದಿನಿಂದ ಮೂರೂ ಕಡೆ ಗುರಾಣಿಗೆ ಕಿಮ್ಮತ್ತಿಲ್ಲ. ಎಲ್ಲರೂ ತಮ್ಮ ತಮ್ಮ ಗುರಾಣಿಗಳನ್ನು ಮಚ್ಛೇಂದ್ರನಿಗೆ ಕೊಟ್ಟು, ಬದಲಿಗೆ ಅವನಿಂದ ಒಂದೊಂದು ಚಹಾ ಕುಡಿದರು.

"ಕಾಕಾ, ಗುರಾಣಿಗಿ ಏನಾರ ಅರ್ಥ ಇರಬೇಕಲ್ರಿ. ಕಂಪನಿಯವ್ರು ಹುಚ್ಚರೇನ್ರಿ?"

"ಕಾನೂನು ಅಂದ್ರ ಕಾನೂನಪ್ಪಾ. ಮುಂದಿನ ಆಟಾ ಹಚ್ಚು."

ಮನೆಗೆ ಬಂದು ತಣ್ಣೀರು. ಫ್ರಿಜ್ಜು ಈಗ ಕುಣಿಯುವುದಿಲ್ಲ. ಹಿಂದೊಮ್ಮೆ ಕಾಲಡಿ ಏನೋ ತುರುಕಿ ಸರಿಮಾಡಿದ್ದೆ. ಇದೂ ಇತಿಹಾಸವೇ.

೧೩ ಮಾರ್ಚ್, ಭಾನುವಾರ

ಅಜೀಜಾ ಬೇಗಂ ಪೇಢಾ ಹಂಚಿದರು. ಕಂಪನಿ ಒಪ್ಪಿದೆ! ಏಪ್ರಿಲ್ ಹತ್ತಕ್ಕೆ ಭಾಲ್ಕಿಯಲ್ಲಿ, ನಮ್ಮ ಎಂಟರಲ್ಲೊಬ್ಬರಾದ ಕೇಶರಬಾಯಿಯವರ ಟ್ಯೂಷನ್ ಹಾಲಿನಲ್ಲಿ, ನಮ್ಮ ಮೊದಲ ಅಧಿಕೃತ ಪಂದ್ಯ. ಹೈದರಾಬಾದಿನಿಂದ ಜಡ್ಜ್. ಗೆದ್ದವರು ಮೇ ತಿಂಗಳಲ್ಲಿ ಹೈದರಾಬಾದಿಗೆ. ಒಂದೇ ಷರತ್ತು — ಎಂಟು ಜನ ಕೂರಬೇಕು. ಏಳಾದರೆ ಪಂದ್ಯವಿಲ್ಲ, ಬೀದರದ ಹೆಸರು ಪಟ್ಟಿಯಲ್ಲಿಲ್ಲ, ಮುಂದೆ ಕಾರ್ಡೂ ಬರುವುದಿಲ್ಲ.

"ನಾವು ಬರೋಬ್ಬರಿ ಎಂಟೇ ಮಂದಿ ಇದ್ದೇವಿ, ದೇವ್ರು ದೊಡ್ಡಾಂವ" ಎಂದರು ಕೇಶರಬಾಯಿ.

ಮಚ್ಛೇಂದ್ರ ಸಾಲಿ ಹುಡುಗನಂತೆ ಕೈ ಎತ್ತಿದ.

"ನಾ ನಾಳೆ ಪುಣೆಕ್ಕ ಹೊಂಟೀನ್ರಿ."

ನನ್ನ ಬಾಯಲ್ಲಿ ಪೇಢಾ.

"ನೀರಿಲ್ಲಂತ ಮಂದಿ ಎಲ್ಲಾ ಮುಂಬೈ, ಹೈದರಾಬಾದ ಹೋಗ್ಯಾರ್ರಿ. ಫೋನೂ ಅವರ ಕಿಸೆದಾಗೇ ಹೋಗ್ಯಾವ. ಇಲ್ಲಿ ಕುಂತು ಯಾವುದು ರಿಪೇರಿ ಮಾಡ್ಲಿ? ಅಲ್ಲಿ ಒಂದು ಅಂಗಡ್ಯಾಗ ಕೆಲಸ ಸಿಕ್ಕದ."

ಬಿಸ್ಕತ್ತಿನ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಇಳಿದುಹೋದ. ಒಳಗೆ ಅವನ ಗುರಾಣಿಗಳು. ಎಂಟು ವಜಾ ಒಂದು. ಇಷ್ಟು ಸಣ್ಣ ಲೆಕ್ಕ ಎದೆಗೆ ಹೀಗೆ ಬಡಿಯುತ್ತದೆಂದು ಗೊತ್ತಿರಲಿಲ್ಲ.

೧೯ ಮಾರ್ಚ್

ಎಂಟನೆಯವರ ಶೋಧ. ಕಚೇರಿಯ ಸ್ಟಾಂಪ್ ವೆಂಡರ್‌ಗೆ ಆಟ ವಿವರಿಸಿದೆ. ಪೂರ್ತಿ ಕೇಳಿ, "ಆರಾಮ ಇದ್ದೀರಲ್ರಿ?" ಎಂದ.

೨೭ ಮಾರ್ಚ್, ಭಾನುವಾರ, ಸಂಜೆ ೪

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಕ್ಷಮೆ — ಯಾರಲ್ಲಿ? ಇರಲಿ.

ಪುಣೆಯಿಂದ ಮಚ್ಛೇಂದ್ರನ ಫೋನು.

"ಕಾಕಾ, ನಿಂತೀರೋ ಕುಂತೀರೋ?"

"ನಿಂತೀನಿ."

"ಕುಂದರ್ರಿ."

ಕೂತೆ.

"ಇಲ್ಲೂ ಒಂದು ಅಂಗಡ್ಯಾಗ ಕಿಲ್ಲಾ ಆಡ್ತಾರ್ರಿ. ಎದುರಿನಾಕಿ ಬಾಣ ಇಟ್ಟಳು. ನಾ ಗುರಾಣಿ ಇಟ್ಟೆ. ಇಟ್ಟು, ನಮ್ಮ ಪದ್ಧತಿ ಪ್ರಕಾರ ನನ್ನ ಸಿಪಾಯಿನ್ನ ನಾನೇ ಎತ್ತಿ ಸತ್ತವರ ರಾಶಿಗಿ ಹಾಕಿದೆ. ಆಕಿ ಗಾಬರಿ ಆಗಿ 'ಅಹೋ, ಹೇ ಕಾಯ್ ಕರ್ತಾಯ್?' — ಇದೇನ್ ಮಾಡ್ತೀರಿ — ಅಂದಳು."

"ಯಾಕ? ಏನು ತಪ್ಪು?"

"ಉಲ್ಟಾ ಅದರಿ ಕಾಕಾ! ಕೊನೀಗಿ ಇಟ್ಟದ್ದು ಮೊದಲ ನಡೀತದ. ಮ್ಯಾಲಿಂದ ಕೆಳಗ ಬರಬೇಕು. ಗುರಾಣಿ ಮೊದಲ, ಬಾಣ ಆಮ್ಯಾಲ. ಸಿಪಾಯಿ ಸಾಯಂಗೇ ಇಲ್ರಿ! ನಿಯಮದ ಪುಸ್ತಕ ನೋಡ್ರಿ, ಒಂಬತ್ತನೇ ಪುಟ."

ಪುಸ್ತಕ ತೆಗೆದೆ. ಒಂಬತ್ತನೇ ಪುಟ. ಇದೆ. ದಪ್ಪ ಅಕ್ಷರದಲ್ಲಿ ಇದೆ. ನಾನು ಎಂಟನೇ ಪುಟದವರೆಗೆ ಓದಿದ್ದೆ.

ಜನರ ಖರೀದಿಪತ್ರ, ಹಕ್ಕುಬಿಡುಗಡೆ ಪತ್ರಗಳನ್ನು ಕೊನೆಯ ಚುಕ್ಕಿಯವರೆಗೆ ಓದಿ ರುಜು ಹಾಕಿಸುವವನು ನಾನು. ಎಂಟನೇ ಪುಟ!

೨೮ ಮಾರ್ಚ್

ಮಾಳಿಗೆಯಲ್ಲಿ ತುರ್ತು ಸಭೆ. ಕೇಶರಬಾಯಿ ಭಾಲ್ಕಿಯಿಂದ ಬಸ್ಸು ಹಿಡಿದು ಬಂದರು, ಜಗಳಕ್ಕೆಂದೇ.

"ಹಿಂದ ಬಂದವರ ಕೊಡಾ ಮೊದಲ ತುಂಬಸ್ತೀರೇನು? ನಮ್ಮ ಓಣ್ಯಾಗ ಹಂಗ ಮಾಡಿ ನೋಡ್ರಿ, ಕೊಡಾ ತಲಿ ಮ್ಯಾಲ ಒಡೀತಾರ!"

"ಅರೆ ಕೇಶರಬಾಯಿ, ಕೊಡಾ ಬಿಡ್ರಿ" ಎಂದರು ಅಜೀಜಾ ಬೇಗಂ. "ಶಾದಿ ಮನ್ಯಾಗ ಪ್ಲೇಟ್ ಒಂದರ ಮ್ಯಾಲೊಂದು ಇಟ್ಟಿರ್ತೀವಿ. ಊಟಕ್ಕ ಕುಂದರೋ ಮುಂದ ಮ್ಯಾಲಿಂದು ತಗೋತೀರೋ, ತಳದಿಂದು ಜಗ್ಗತೀರೋ?"

ಕೇಶರಬಾಯಿ ನನ್ನ ಕಡೆ ತಿರುಗಿ, "ನಿಮಗ ಆವತ್ತು ಟ್ಯಾಂಕರ್ ಬದಲಿ ಪ್ಲೇಟ್ ಯಾಕ ಕಾಣಲಿಲ್ರಿ?" ಎಂದರು.

ಎರಡನೆಯ ಆಘಾತ ಆಮೇಲೆ ಬಿತ್ತು. ಹಾಗಾದರೆ ಗುರಾಣಿಯೇ ಬಂಗಾರ! ಅದಿಲ್ಲದ ಡೆಕ್ಕು ಬಾಗಿಲಿಲ್ಲದ ಮನೆ. ಜಿಲ್ಲೆಯ ಗುರಾಣಿಗಳೆಲ್ಲ ಈಗ ಪುಣೆಯಲ್ಲಿ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ.

ನಾನು ಚಾಂಪಿಯನ್ ನಿಜ. ಯಾವ ಆಟಕ್ಕೆ?

೩ ಏಪ್ರಿಲ್

ಧೈರ್ಯ ಮಾಡಿ ಅವನಿಗೆ ಫೋನು ಮಾಡಿದೆ. ಹತ್ತಕ್ಕೆ ಬಾ ಎಂದೆ. "ಭಾನುವಾರ ಒಂದೇ ದಿವಸ ಸೂಟಿರಿ ಕಾಕಾ. ಬಂದ್ರ ಹೊಳ್ಳಿ ರಾತ್ರಿನೇ ಹೊಂಡಬೇಕು. ನೋಡ್ತೀನ್ರಿ." ಡಬ್ಬಿ ತಾ ಎನ್ನಲು ನಾಲಿಗೆ ಏಳಲಿಲ್ಲ.

೮ ಏಪ್ರಿಲ್, ಯುಗಾದಿ

ಹಬ್ಬದ ಸ್ನಾನ ಅರ್ಧ ಬಕೆಟ್ಟಿನಲ್ಲಿ. ಪುಣೆಯಿಂದ ಸುದ್ದಿಯಿಲ್ಲ. ಬೇವು ಸಾಕಷ್ಟಾಯಿತು.

೧೦ ಏಪ್ರಿಲ್, ಭಾಲ್ಕಿ — ಬಸ್ ಸ್ಟ್ಯಾಂಡಿನ ಬೆಂಚು, ಸಂಜೆ

ಮರೆಯುವ ಮುನ್ನ ಬರೆಯಬೇಕು.

ಜಡ್ಜ್ ಅಂದರೆ ಬಿಳಿಗೂದಲಿನ ಗಂಭೀರ ವ್ಯಕ್ತಿ ಎಂದುಕೊಂಡಿದ್ದೆ. ಕಾಲೇಜು ಬಿಟ್ಟು ಎರಡು ವರ್ಷವೂ ಆಗಿರದ ಹುಡುಗಿ. ಕೊರಳಲ್ಲಿ ಸ್ಟಾಪ್‌ವಾಚು. ಎಂಟು ಕುರ್ಚಿ ಎಣಿಸಿದಳು, ಏಳು ಜನರನ್ನು ಎಣಿಸಿದಳು. "ಶುರು ಮಾಡೋ ಟೈಮ್ ಆಯ್ತು" ಎಂದಳು.

"ಮೊದಲ ಸುಸಲಾ ತಿನ್ರಿ ಮೇಡಂ" ಎಂದು ಕೇಶರಬಾಯಿ ಒಗ್ಗರಣೆ ಹಾಕಿದ ಮಂಡಕ್ಕಿಯ ತಟ್ಟೆ ತಂದಿಟ್ಟರು. ಮುಗಿದ ಕೂಡಲೇ ಮತ್ತೆ ಸುರಿದರು. "ಇಷ್ಟ ಬಿಟ್ರ ಹ್ಯಾಂಗ? ನಮ್ಮ ಮನ್ಯಾಗ ಬಿಡಂಗಿಲ್ರಿ." ಮೂರನೆಯ ತಟ್ಟೆಗೆ ಜಡ್ಜ್ ಕೈಮುಗಿದಳು. ಪೆನ್ನು ತೆಗೆದಳು. ಏಳು ಎಂದು ಬರೆಯಲಿಕ್ಕೆ.

ಬಾಗಿಲಲ್ಲಿ ಮಚ್ಛೇಂದ್ರ. ಉದಗೀರದ ಮೇಲೆ ಮೂರು ಬಸ್ಸು ಬದಲಿಸಿ ಬಂದವನು. ತಲೆತುಂಬ ಧೂಳು, ಬಗಲಲ್ಲಿ ಡಬ್ಬಿ. ಅಜೀಜಾ ಬೇಗಂ ಕಣ್ಣೊರೆಸಿಕೊಂಡು, ಜೆರಾಕ್ಸ್ ಮಷೀನಿನ ಪುಡಿ ಬಿತ್ತೆಂದರು. ಭಾಲ್ಕಿಯಲ್ಲಿ ಎಲ್ಲಿಯ ಜೆರಾಕ್ಸ್ ಮಷೀನು!

ಅವನು ಕೂರಲಿಲ್ಲ. ಡಬ್ಬಿ ತೆರೆದು ಮೇಜಿನಿಂದ ಮೇಜಿಗೆ ಹೋದ. ಒಬ್ಬೊಬ್ಬರ ಮುಂದೆ ನಾಲ್ಕು ಗುರಾಣಿ. ಒಂದು ಡೆಕ್ಕಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಇಡುವ ಹಾಗಿಲ್ಲ.

"ಹುಚ್ಚಪ್ಪಾ, ಎಲ್ಲಾ ನಿನ್ನ ಕಡೇನೇ ಇದ್ರ ನೀನೇ ಗೆಲ್ತಿದ್ದಿ!" ಎಂದೆ.

"ನೀವೇ ಹೇಳೀರಲ್ರಿ ಕಾಕಾ, ಕೊಡದ ಕಾನೂನು. ಎಲ್ಲರ ಕೊಡಾ ತುಂಬೋ ತನಕ ಟ್ಯಾಂಕರ್ ಹೋಗಬಾರದ್ರಿ."

ಹಾಗೆ ನಾನು ಹೇಳಿರಲಿಲ್ಲ. ಹೇಳಬೇಕಿತ್ತು.

ಫೈನಲ್. ನಾನು ಮತ್ತು ಅವನು. ಕೊನೆಯ ಘಳಿಗೆ: ಅವನ ಕೋಟೆಯಲ್ಲಿ ಒಬ್ಬನೇ ಸಿಪಾಯಿ. ಅಗ್ನಿಬಾಣ ಇಟ್ಟೆ. ಅವನು ಗುರಾಣಿ ಇಟ್ಟ. ಗೆದ್ದ ಸಂತೋಷದಲ್ಲಿ ನನ್ನ ಕೈ ತಾನಾಗಿ ಹೋಗಿ ಅವನ ಸಿಪಾಯಿಯನ್ನು ಎತ್ತಿತು. ಸತ್ತವರ ರಾಶಿಯ ಮೇಲೆ ಹಿಡಿದೆ ಕೂಡ.

"ಸರ್" ಎಂದಳು ಜಡ್ಜ್ ಮೆಲ್ಲಗೆ. "ಅವನು ಬದುಕಿದ್ದಾನೆ."

ನಾಚಿಕೆಯಿಂದ ವಾಪಸ್ಸು ಇಟ್ಟೆ. ಆ ಒಬ್ಬ ಸಿಪಾಯಿಯೇ ಎದ್ದು ಬಂದು ನನ್ನ ಕೋಟೆ ಕೆಡವಿದ. ಪಟ್ಟಿಯಲ್ಲಿ ಬೀದರದ ಹೆಸರು ಬಂತು. ಹೈದರಾಬಾದಿಗೆ ಮಚ್ಛೇಂದ್ರ.

ಹೊರಡುವ ಮುನ್ನ ಜಡ್ಜ್ ಅವನ ಡೆಕ್ಕು ಪರೀಕ್ಷಿಸಿದಳು. "ಮೂರೇ ಗುರಾಣಿ ಯಾಕೆ? ಹೈದರಾಬಾದಲ್ಲಿ ನಾಲ್ಕಿಲ್ಲದೆ ಮೊದಲ ಸುತ್ತೇ ದಾಟೋದು ಕಷ್ಟ."

"ಒಂದು ಕಮ್ಮಿ ಬಿತ್ತರಿ."

ನಮಗೆಲ್ಲ ನಾಲ್ಕು, ಅವನಿಗೆ ಮೂರು. ನನ್ನದೊಂದು ತೆಗೆದುಕೊಟ್ಟೆ, ಮುಟ್ಟಲಿಲ್ಲ. "ಕೊಟ್ಟದ್ದು ಹೊಳ್ಳಿ ತಗೋಳಂಗಿಲ್ರಿ. ಕಳದದ್ದು ಸಿಕ್ರ ಬ್ಯಾರೆ ಮಾತು." ಕಂಪನಿಯಿಂದ ಕೊಂಡ ನಮ್ಮ ಎಂಟು ಕಾರ್ಡಿನ ಪೆಟ್ಟಿಗೆಗಳಲ್ಲೂ ನಾಲ್ಕು ನಾಲ್ಕು ಗುರಾಣಿ ಬಂದಿದ್ದವು; ಒಂದು ಎಲ್ಲಿ ಕಳೆಯಿತು? ನಾನಲ್ಲ, ನಾನಲ್ಲ ಎಂದು ಎಲ್ಲರೂ ಆಣೆ ಮಾಡಿದೆವು. ನಾನು ಎಲ್ಲರಿಗಿಂತ ಜೋರಾಗಿ.

೧೨ ಏಪ್ರಿಲ್, ಮಧ್ಯಾಹ್ನ

ನೀರಿಗೆಂದು ಫ್ರಿಜ್ಜು ತೆರೆದೆ. ಬಾಟಲಿಯ ಮುಚ್ಚಳ ಬಿತ್ತು. ಬಗ್ಗಿದೆ. ಮುಂದಿನ ಎಡಗಾಲಿನ ಕೆಳಗೆ — ನೀಲಿ ಅಂಚು, ಬೆಳ್ಳಿಯ ಮೂಲೆ.

ಕಳೆದ ಗುರಾಣಿ. ಅಂದು ತುರುಕಿದವನು ನಾನೇ.

ಸುಮಿತ್ರಾ, ಈ ಪುಸ್ತಕವನ್ನು ನೀನು ಓದುತ್ತಿರುವುದು ನನಗೆ ಗೊತ್ತು. ಪುಟದ ತುದಿಯಲ್ಲಿ ಅರಿಶಿನದ ಹೆಬ್ಬೆಟ್ಟಿದೆ. ಮುಖ ನೋಡಿ ಹೇಳಲು ನಾಚಿಕೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಕಾರ್ಡು ಒತ್ತಿ ಕಲೆ ಬಿದ್ದಿರಬಹುದು. ಸ್ಲೀವ್ ಹಾಕಿದರೆ ಹಿಂಭಾಗ ಕಾಣುವುದಿಲ್ಲ, ಹತ್ತು ಉಳಿದಿವೆ. ನಾಳೆಯೇ ಪುಣೆಗೆ ಕೊರಿಯರ್. ಮುಂದಿನ ತಿಂಗಳ ಆಟಕ್ಕೆ ಎಂಟನೆಯ ಕುರ್ಚಿಯಲ್ಲಿ ನೀನು ಕೂರುವ ವಿಷಯ ಆಮೇಲೆ ಮಾತಾಡುತ್ತೇನೆ. ಈಗ ಒಂದು ಸಣ್ಣ ಉಪಕಾರ. ಟ್ಯಾಂಕರ್‌ನಿಂದ ಬಂದ ಮೇಲೆ ಒಂದು ನಿಮಿಷ ಅಡುಗೆಮನೆಗೆ ಬಾ. ನನ್ನೊಬ್ಬನಿಂದ ಆಗುವುದಿಲ್ಲ. ಕೊನೆಗೆ ಇಟ್ಟದ್ದು ಮೊದಲು — ಮೊದಲು ನಾನು ಫ್ರಿಜ್ಜು ಎತ್ತುತ್ತೇನೆ, ಆಮೇಲೆ ನೀನು ಕೆಳಗೆ ಕೈ ಹಾಕಿ ಮೆಲ್ಲಗೆ...