ಬೀಗಿತ್ತಿಯ ಕೋಟು

ಮನೆಯಿಂದ,
ಭಾನುವಾರ, ಮಾರ್ಚ್ 9

ನನ್ನ ಮುದ್ದು ಗುಂಡೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ದಿನ ದೂಡುತ್ತಿದ್ದೀಯಾ? ಕಣ್ಣು ಉರಿಯುತ್ತದೆ ಎಂದಿದ್ದೆಯಲ್ಲ, ಕಪ್ಪು ಬಟ್ಟೆಯ ಕೆಲಸವನ್ನು ಹಗಲಿನಲ್ಲೇ ಮುಗಿಸು. ತೆವಳುವ ವಯಸ್ಸಿನಲ್ಲಿ ನನ್ನ ಮಷಿನ್ ಕೆಳಗೆ ಬಿದ್ದ ಗುಂಡಿಗಳನ್ನು ಆಯ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದವಳು ನೀನು, ನಿನಗೆ ಬುದ್ಧಿ ಹೇಳುವುದು ನನಗೆ ಅಭ್ಯಾಸವಾಗಿಹೋಗಿದೆ. ನಾನು ಚೆನ್ನಾಗಿದ್ದೇನೆ, ಮಷಿನ್ ತುಳಿಯುವಾಗ ಮೊಣಕಾಲು ಮಾತ್ರ ಕಟಕಟ ಎನ್ನುತ್ತದೆ. ನಿಮ್ಮಪ್ಪನ ಕೆಮ್ಮು ಇಳಿದಿದೆ. ನನ್ನ ಬೀಗಿತ್ತಿ, ಅಂದರೆ ನಿನ್ನ ಅಮ್ಮನ ಅಮ್ಮ, ಬಹಳ ಚೆನ್ನಾಗಿದ್ದಾಳೆ. ಇಷ್ಟು ಚೆನ್ನಾಗಿರುವ ಅಗತ್ಯವೇನಿತ್ತೋ ಕಾಣೆ. ಹೋದ ವರ್ಷ ಸೊಂಟದ ಮೂಳೆ ಮುರಿದುಕೊಂಡು, ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಬಂದವಳು, ಈಗ ಕೋಲೂರಿಕೊಂಡು ಬೀದಿಯ ಕೊನೆಯವರೆಗೂ ಸವಾರಿ ಹೊರಡುತ್ತಾಳೆ. ನನ್ನ ಕೋಣೆಯಲ್ಲಿ ಅರ್ಧ, ಕಪಾಟಿನಲ್ಲಿ ಅರ್ಧ ಅವಳದು. ಫೋನಂತೂ ಪೂರ್ತಿ ಅವಳ ದಿಂಬಿನ ಪಕ್ಕದಲ್ಲೇ ಇರುತ್ತದೆ, ಅದಕ್ಕೇ ಈ ಕಾಗದ. ಎದುರಿಗೆ ನಾನು ಅವಳನ್ನು ನೀವು ಎಂದೇ ಕರೆಯುತ್ತೇನೆ. ಕಾಗದದಲ್ಲಿ ಅಷ್ಟು ಮರ್ಯಾದೆ ನನ್ನ ಕೈಲಾಗದು.

ವಿಷಯಕ್ಕೆ ಬರುತ್ತೇನೆ. ನಿನ್ನ ಉಡುಪು ವಿನ್ಯಾಸದ ಕಾಲೇಜಿನ ಕೊನೆಯ ಪ್ರದರ್ಶನದಲ್ಲಿ, ಉಡುವ ತೊಡುವ ರುಚಿಯನ್ನು ಯಾರಿಂದ ಕಲಿತಿರೋ ಆ ಒಬ್ಬರನ್ನು ಮನೆಯಿಂದ ಕರೆಸಿ ವೇದಿಕೆಯ ಮೇಲೆ ನಡೆಸಬೇಕಂತಲ್ಲ. ನಿಮ್ಮಮ್ಮ ಇದನ್ನು ಹೇಳುತ್ತಿದ್ದ ಹಾಗೇ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅಯ್ಯೋ, ನನಗ್ಯಾಕಮ್ಮಾ ಈ ವಯಸ್ಸಲ್ಲಿ ಎನ್ನಲು ಬಾಯಿಯನ್ನೂ ತೆರೆದಿದ್ದೆ. ಅಷ್ಟರಲ್ಲಿ ನಿಮ್ಮಮ್ಮ ತನ್ನ ಅಮ್ಮನ ಕಡೆ ತಿರುಗಿ, “ನಿನ್ನನ್ನೇ ಕರೆದಿದಾಳೆ ಕಣಮ್ಮಾ” ಎಂದಳು. ತೆರೆದ ಬಾಯನ್ನು ಆಕಳಿಸಿ ಮುಚ್ಚಿದೆ. ನೀನು ಹುಟ್ಟಿದಾಗ ಅಂಗೈ ಅಗಲದ ಮೊದಲ ಅಂಗಿ ಹೊಲಿದವಳು ನಾನು. ಶಾಲೆಗೆ ಸೇರಿದ ದಿನದ ಫ್ರಾಕು, ಬಹುಮಾನ ತೆಗೆದುಕೊಂಡ ದಿನದ ಸ್ಕರ್ಟು, ಎಲ್ಲಾ ನನ್ನ ಮಷಿನ್ನಿನಿಂದಲೇ ಇಳಿದದ್ದು. ಆಕೆ ನಿನಗೆ ಒಂದು ಗುಂಡಿ ಹಾಕಿಕೊಟ್ಟವಳಲ್ಲ. ಸೂಜಿಗೆ ದಾರ ಪೋಣಿಸಲು ಹೇಳಿದರೆ ದಾರಕ್ಕೇ ಬೈಯುವ ಹೆಂಗಸು. ನನಗೆ ಹೊಟ್ಟೆಕಿಚ್ಚು ಗುಂಡೀ. ನಿನ್ನ ಹತ್ತಿರ ಮುಚ್ಚುಮರೆ ಯಾಕೆ? ಮೂರು ದಿನ ಮುಖ ಊದಿಸಿಕೊಂಡೇ ಓಡಾಡಿದೆ. ಯಾರೂ ಗಮನಿಸಲಿಲ್ಲ. ಊದಿಸದಿದ್ದರೂ ನನ್ನ ಮುಖ ಹಾಗೇ ಇರುತ್ತದೆ ಎಂದು ನಿಮ್ಮಪ್ಪ ಆಮೇಲೆ ಹೇಳಿದ.

ಅವಳ ವೇಷ ನಿನಗೆ ಗೊತ್ತಿಲ್ಲದ್ದೇನಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನ ಹಸಿರು ಕೋಟು, ಅದರ ಕೆಳಗೆ ಹೂವಿನ ಸ್ಕರ್ಟು, ಕುತ್ತಿಗೆಗೆ ಚೌಕಳಿ ಮಫ್ಲರು, ಒಂದು ಕಾಲಿಗೆ ಕೆಂಪು ಕಾಲುಚೀಲ, ಇನ್ನೊಂದಕ್ಕೆ ಸಾಸಿವೆ ಬಣ್ಣದ್ದು. ಕೋಟಿಗೆ ಆರು ಗುಂಡಿ, ಆರೂ ಆರು ಜಾತಿ. ನನ್ನ ಹೊಲಿಗೆ ಅಂಗಡಿಗೆ ಯಾರಾದರೂ ಹೀಗೆ ಬಂದಿದ್ದರೆ ಕೂರಿಸಿ ಬುದ್ಧಿ ಹೇಳಿ ಕಳಿಸುತ್ತಿದ್ದೆ. ಹೂವಿನ ಪಕ್ಕ ಚೌಕಳಿ ಬರಬಾರದು. ನನ್ನ ಹಾಗೆ ಗಿಡ್ಡಗೆ ದುಂಡಗೆ ಇರುವವರು ಅಡ್ಡಗೆರೆಯ ಹತ್ತಿರವೂ ಸುಳಿಯಬಾರದು. ಮೊಮ್ಮಕ್ಕಳನ್ನು ಕಂಡ ಮೇಲೆ ಕೆಂಪನ್ನು ಮರೆತುಬಿಡಬೇಕು. ಎಷ್ಟು ಹೆಂಗಸರು ನನ್ನ ಈ ಮಾತುಗಳನ್ನು ತಲೆಯ ಮೇಲೆ ಹೊತ್ತು ನಡೆದರು ಎಂಬುದನ್ನು ನೀನೇ ಕಣ್ಣಾರೆ ನೋಡಿದ್ದೀಯ. ಆದರೆ ಈಗ ನಮ್ಮ ಬೀದಿಯಲ್ಲಿ ನಡೆಯುತ್ತಿರುವುದೇನು? ಬೇಕರಿಯ ಹುಡುಗಿ ಇವಳನ್ನು ನಿಲ್ಲಿಸಿ, ಆ ಕಾಲುಚೀಲ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾಳೆ. ಕೆಳಗಿನ ಸಲೂನಿನವನು ಕತ್ತರಿ ನಿಲ್ಲಿಸಿ ಕೈ ಬೀಸುತ್ತಾನೆ. ಪಕ್ಕದಲ್ಲೇ ನಡೆಯುತ್ತಿರುವ ನಾನು, ಇಸ್ತ್ರಿ ಮಡಿಕೆ ಕೆಡದ ಬೂದು ಬಣ್ಣದ ಉಡುಪಿನವಳು, ಅವರ ಕಣ್ಣಿಗೆ ಬೀಳುವುದೇ ಇಲ್ಲ. ಬೂದು ಉಡುಪಿನ ಗುಣವೇ ಅದು ಎಂದು ಬೀಗಿತ್ತಿ ಸಮಾಧಾನ ಹೇಳುತ್ತಾಳೆ, ನೋಡು ಸೊಕ್ಕು.

ಇನ್ನು ಉರಿಯುವ ಹೊಟ್ಟೆಗೆ ಎಣ್ಣೆ ಸುರಿದ ಸಂಗತಿ. ಆ ಕೋಟಿನ ತೋಳು ಉದ್ದವಾಗಿ ಕೋಲು ಹಿಡಿಯಲು ಅಡ್ಡವಾಗುತ್ತದೆ, ಅಜ್ಜಿಯ ಕೈಲಿ ಸರಿ ಮಾಡಿಸು, ಗುಂಡಿ ಮಾತ್ರ ಮುಟ್ಟಕೂಡದು ಎಂದು ನೀನು ಅಮ್ಮನಿಗೆ ಹೇಳಿದೆಯಂತೆ. ಅವಳ ಮೆರವಣಿಗೆಗೆ ನಾನೇ ಹೊಲಿಯಬೇಕು! ಆದರೂ ಕೆಲಸ ಕೆಲಸವೇ. ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಪಿನ್ ಹಾಕಿದೆ. ಒಂದೆರಡು ಸಲ ಬೇಕೆಂದೇ ಚುಚ್ಚಿದೆ ಎಂದು ಅವಳು ಹೇಳಿದರೆ ನಂಬಬೇಡ, ಒಂದೇ ಸಲ. ಪಿನ್ ಹಾಕುತ್ತಲೇ ನನ್ನ ನಿಯಮಗಳನ್ನೆಲ್ಲ ಒಪ್ಪಿಸಿದೆ. ಅವಳದು ಪ್ರತಿಯೊಂದಕ್ಕೂ “ಯಾರ್ರೀ ಹೇಳಿದ್ದು ಹಾಗಂತ?” ಎಂದು ಒಂದೇ ರಾಗ. ನನಗೆ ಕೆಲಸ ಕಲಿಸಿದ ದರ್ಜಿ ಮೇಷ್ಟ್ರು ಎಂದೆ. “ಅವರಿಗೆ ಯಾರು ಹೇಳಿದ್ರು?” ಎಂದಳು. ಉತ್ತರ ಕೊಡಲು ಹೋಗಿ ನನಗೆ ನಗು ಬಂತು, ಅದೂ ಅವಳೆದುರಿಗೆ. ಯಾಕೆಂದರೆ ಮೇಷ್ಟ್ರ ಅಂಗಡಿಯಲ್ಲಿ ಯಾರೂ ಕೊಳ್ಳದ ಬೂದು ಬಟ್ಟೆಯ ಥಾನುಗಳು ಸೂರು ಮುಟ್ಟುವಷ್ಟು ಬಿದ್ದಿದ್ದವು. ವಯಸ್ಸಾದವರಿಗೆ ಬೂದು ಬಣ್ಣವೇ ಗೌರವ ಎಂದು ಅವರು ಹೇಳುತ್ತಿದ್ದರು. ಅವು ಮುಗಿದು ಕಂದು ಥಾನುಗಳು ಬಂದ ವರ್ಷ, ಕಂದೇ ಗೌರವ ಎನ್ನತೊಡಗಿದರು. ನಾನು ಎರಡನ್ನೂ ಕಲಿತುಕೊಂಡೆ! ಅಡ್ಡಗೆರೆಯ ಸಂಗತಿಯಂತೂ ಇನ್ನೂ ಚೆಂದ. ಬಟ್ಟೆಯ ಮುಂಭಾಗ ಹಿಂಭಾಗ ಸೇರಿಸುವಾಗ ಪಕ್ಕದ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಬೇಕು, ಇಲ್ಲದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮೇಷ್ಟ್ರಿಗೆ ಅದು ಒಂದು ದಿನವೂ ಕೂಡಿಬರಲಿಲ್ಲ. ಅದಕ್ಕೇ ಗಿಡ್ಡ ಹೆಂಗಸರಿಗೆಲ್ಲ ಅಡ್ಡಗೆರೆ ನಿಷೇಧ. ಎತ್ತರದವರಿಗೆ ಏನು ಹೇಳುತ್ತಿದ್ದರೋ ಈಗ ನೆನಪಿಲ್ಲ, ಅವರಿಗೂ ಏನೋ ಒಂದು ಹೇಳುತ್ತಿದ್ದರು.

ತೋಳು ಮುಗಿಸಿದ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಆ ಕೋಟು, ಸ್ಕರ್ಟು, ಮಫ್ಲರು, ಎಲ್ಲವನ್ನೂ ತೊಟ್ಟು ಕನ್ನಡಿಯ ಮುಂದೆ ನಿಂತೆ. ಅವಳಿಗೆ ಒಪ್ಪುವುದಾದರೆ ನನಗೇಕೆ ಒಪ್ಪಬಾರದು? ಒಪ್ಪಲಿಲ್ಲ ಗುಂಡೀ. ಬಟ್ಟೆಯ ರಾಶಿಯಿಂದ ಯಾರೋ ತಲೆ ಹೊರಗೆ ಹಾಕಿದ ಹಾಗಿತ್ತು. ಅಷ್ಟಕ್ಕೇ ಕಳಚಿ ಮಲಗಬಹುದಿತ್ತು. ಆದರೆ ಮಲಗಿದರೆ ನಿದ್ದೆ ಬರಬೇಕಲ್ಲ. ನನಗೆ ಬೇಕಾದದ್ದು ಯಾವುದು ಎಂದು ಯೋಚಿಸಿದೆ. ಎಷ್ಟೋ ಜನರಿಗೆ ಏನು ಒಪ್ಪುತ್ತದೆಂದು ಹೇಳಿದ ನಾಲಿಗೆಗೆ ಇದೊಂದು ಹೊಳೆಯಲಿಲ್ಲ. ಕೊನೆಗೆ ಬಟ್ಟೆ ಅಂಗಡಿಗೆ ಹೋಗಿ ನಿಂತೆ. ನೀಲಿ ಬಿಳಿಯ ದಪ್ಪ ಅಡ್ಡಗೆರೆಯ ಹತ್ತಿ ಬಟ್ಟೆಯೊಂದರ ಮೇಲೆ ನನ್ನ ಕೈ ತಾನಾಗಿ ಹೋಯಿತು. ಬೇರೆಯವರಿಗೆ ಬೇಡ ಬೇಡ ಎನ್ನುತ್ತಲೇ ಇಷ್ಟು ಕಾಲ ಅದನ್ನು ಸವರಿದ್ದೇನೆ ಎಂದು ಆಗ ತಿಳಿಯಿತು. ಅಂಗಡಿಯವನು, “ಯಾರಿಗಮ್ಮಾ? ಅಡ್ಡಗೆರೆ ಇದು” ಎಂದ. ನನಗೆ ಎಂದೆ. ಹೇಳುವಾಗ ಕಿವಿ ಬಿಸಿಯಾಯಿತು.

ಆ ಬಟ್ಟೆಯಲ್ಲಿ ಉಡುಪನ್ನು ಹೇಗೆ ಹೊಲಿದೆ ಎಂದು ನಿನಗಾದರೂ ಹೇಳಬೇಕು, ಇದನ್ನೇ ಓದಿದ ಹುಡುಗಿ ನೀನು. ಪಕ್ಕದ ಹೊಲಿಗೆಯಲ್ಲಿ ಗೆರೆ ಕೂಡಿದೆ. ತೋಳಿನ ಗೆರೆ ಎದೆಯ ಗೆರೆಗೆ ನೇರ. ಜೇಬು ಎಲ್ಲಿದೆ ಎಂದು ಹುಡುಕಿ ಸೋಲಬೇಕು, ಹಾಗೆ ಗೆರೆಯೊಳಗೆ ಸೇರಿಹೋಗಿದೆ. ತೊಟ್ಟು ಹೊರಗೆ ಬಂದಾಗ ನಿಮ್ಮಪ್ಪ ಪತ್ರಿಕೆ ಕೆಳಗಿಟ್ಟ. ಬೀಗಿತ್ತಿ ಅಡಿಯಿಂದ ಮುಡಿಯವರೆಗೆ ನೋಡಿ, “ಪೀಪಾಯಿ ಥರ ಕಾಣ್ತೀರಾ. ಆದ್ರೆ ಎಂಥಾ ಪೀಪಾಯಿ ರೀ!” ಎಂದಳು. ಆಮೇಲೆ ಹತ್ತಿರ ಬಂದು ಪಕ್ಕದ ಹೊಲಿಗೆಯ ಮೇಲೆ ಬೆರಳಾಡಿಸಿ, ಗೆರೆ ಕೂಡಿದ ಜಾಗವನ್ನೇ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಪರಿಚಯ, ವರ್ಷದಿಂದ ಕನ್ನಡಿಯಲ್ಲಿ ಕಾಣುತ್ತಿದ್ದೇನೆ. ನನಗೂ ಇಂಥದ್ದೊಂದು ಹೊಲಿದುಕೊಡಿ ಎಂದು ಕೇಳಿಯೂ ಬಿಟ್ಟಳು. ಎತ್ತರ ಇರುವವರಿಗೆ ಅಡ್ಡಗೆರೆ ಒಪ್ಪುವುದಿಲ್ಲ ಎಂದು ನಿಂತ ನಿಲುವಿನಲ್ಲೇ ಹೊಸ ನಿಯಮ ಮಾಡಿ ಹೇಳಿದೆ. ಆ ದಿನ ಊಟ ರುಚಿಸಿತು.

ಒಂದು ಮಾತು ಕೇಳಲೇ? ನಾನು ನಿನಗೂ ಬೂದು ಬಣ್ಣದಲ್ಲೇ ಹೊಲಿದ ಫ್ರಾಕುಗಳಲ್ಲಿ ಒಂದಾದರೂ ನಿನಗೆ ಇಷ್ಟವಾಗಿತ್ತೇ? ಸುಳ್ಳು ಹೇಳಬೇಡ. ಅಥವಾ ಹೇಳು, ನನಗೆ ಗೊತ್ತಾಗದ ಹಾಗೆ.

ನಿನ್ನ ಕೈಯ ಕತ್ತರಿ ಎಂದೂ ಮೊಂಡಾಗದಿರಲಿ, ನಿನ್ನ ಕಣ್ಣು ತಂಪಾಗಿರಲಿ, ಹಿಡಿದ ಕೆಲಸ ಕೈಗೂಡಲಿ. ಮನೆಯವರೆಲ್ಲ ನಿನ್ನನ್ನು ಕೇಳಿದರೆಂದು ತಿಳಿ. ಬೀಗಿತ್ತಿ ಕೇಳಿದ್ದು ಎಲ್ಲರಿಗಿಂತ ಜೋರಾಗಿ.

ಇಂತಿ, ನಿನ್ನನ್ನು ಎತ್ತಿ ಆಡಿಸಿದ,
ಅಪ್ಪನ ಅಮ್ಮ

ಮರೆತಿದ್ದೆ: ಮೆಟ್ಟಿಲ ಮೇಲೆ ಅವಳ ಕೋಲಿನ ಸದ್ದು ಕೇಳುತ್ತಿದೆ, ಬೇಗ ಬರೆದುಬಿಡುತ್ತೇನೆ. ಒಬ್ಬರನ್ನೇ ಕರೆಸಬೇಕೆಂಬುದು ಗೊತ್ತು. ಅವಳನ್ನು ಬಿಡು ಎನ್ನುವುದಿಲ್ಲ, ಕೋಟು ಇಸ್ತ್ರಿಯಾಗಿ ಬಾಗಿಲ ಹಿಂದೆ ತೂಗುತ್ತಿದೆ, ದಿನಕ್ಕೆ ಹತ್ತು ಸಲ ಅದರ ಧೂಳು ಕೊಡವುತ್ತಾಳೆ. ಆದರೆ ನಿನ್ನ ಮೇಡಂ ಹತ್ತಿರ ಇನ್ನೊಬ್ಬರಿಗೆ ಜಾಗ ಕೇಳು. ಕುರ್ಚಿಯಲ್ಲಲ್ಲ, ವೇದಿಕೆಯ ಮೇಲೆ. ಅವಳ ಕೈ ಹಿಡಿದುಕೊಳ್ಳಲು ಬಂದವಳೆಂದು ಹೇಳಬೇಡ, ನನ್ನ ಅಜ್ಜಿ ಎಂದು ಹೇಳು. ಅವಳ ಹಿಂದೆ ನಡೆಯಬೇಕೆಂದರೂ ಸರಿ. ಇಲ್ಲ, ಸರಿಯಿಲ್ಲ. ಮುಂದೆ.