ಬ್ರೇಕಿನೊಳಗಿನ ಗಾಳಿ

ಅಪ್ಪಾ,

ಇವತ್ತು ಜನ, ಕಾಫಿ ಮೂಟೆ ಎಲ್ಲ ಹೇರಿಕೊಂಡು ಪಿಹಾವೊ ಊರಿನ ಇಳಿಜಾರು ಇಳಿಯುವಾಗ ನಿನ್ನ ಜೀಪಿನ ಬ್ರೇಕು ಮೆತ್ತಗೆ ಒಳಗೆ ಹೋಯಿತು. ಮತ್ತೆ ಮತ್ತೆ ತುಳಿದ ಮೇಲೆ ಹಿಡಿಯಿತು. ಗೇರು ಇಳಿಸಿ ಹೇಗೋ ಮನೆ ಸೇರಿದೆ.

ಹಿಂದಿನ ಚಕ್ರದಲ್ಲಿ ಬ್ರೇಕಿನ ಎಣ್ಣೆ ಒಸರುತ್ತಿತ್ತು. ಸವೆದ ರಬ್ಬರು ಬದಲಿಸಿದೆ. ಆದರೆ ಕೊಳವೆಗೆ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು. ಅಮ್ಮನನ್ನು ಕರೆದೆ. ನಿನ್ನನ್ನು ಮಣ್ಣು ಮಾಡಿದ ಮೇಲೆ ಅವಳು ಈ ಜೀಪು ಹತ್ತಿರಲಿಲ್ಲ.

"ನಂಗೇನೂ ಹೇಳ್ಕೊಡಬೇಡ ನೂಬಿಯಾ. ನಿಮ್ಮಪ್ಪಂಗೆ ತುಳಿದುಕೊಡ್ತಿದ್ದೋಳು ನಾನೇ," ಎಂದು ಹತ್ತಿ ಕುಳಿತಳು.

ಅವಳು ಪೆಡಲು ತುಳಿದು ಹಿಡಿದಾಗ ನಾನು ಜೀಪಿನಡಿ ಮಲಗಿ, ಚಕ್ರದ ಹಿಂದೆ ಗಾಳಿ ಬಿಡುವ ತಿರುಪು ಸಡಿಲಿಸುತ್ತಿದ್ದೆ. ಎಣ್ಣೆಯ ಜೊತೆ ಗುಳ್ಳೆಗಳು ಬರುತ್ತಿದ್ದವು. ನಾನು ತಿರುಪು ಮತ್ತೆ ಬಿಗಿಯುವವರೆಗೆ ಅವಳ ಕಾಲು ಒಮ್ಮೆಯೂ ಮೇಲೇಳಲಿಲ್ಲ; ಎದ್ದಿದ್ದರೆ ಗಾಳಿ ಮತ್ತೆ ಒಳಸೇರುತ್ತಿತ್ತು. ಗುಳ್ಳೆ ನಿಂತದ್ದೇ ಪೆಡಲು ಕಲ್ಲಿನಂತಾಯಿತು. ನನಗೆ ಮೈ ಜುಮ್ಮೆಂದಿತು ಅಪ್ಪಾ. ಬೆರಳಿಗಿಂತ ಸಣ್ಣ ಕೊಳವೆಯಲ್ಲಿನ ಒಂದಿಷ್ಟು ಎಣ್ಣೆ, ಅಷ್ಟೂ ಜನರನ್ನು ಆ ಬೆಟ್ಟದ ಅಂಚಿನಲ್ಲಿ ಹಿಡಿದು ನಿಲ್ಲಿಸುತ್ತದೆ.

"ಸಾಕಮ್ಮಾ, ಕಾಲು ತೆಗಿ," ಎಂದೆ.

"ಇರು ಮಗಳೇ. ಪೆಡಲು ಇಲ್ಲಿ ಸವೆದಿರೋದು ಅವರ ಕಾಲಿಂದ. ಇನ್ನೊಂಚೂರು ಹೊತ್ತು ಇಟ್ಕೊಂಡಿರ್ತೀನಿ."

ನಾನು ಜೀಪಿನಡಿಯಿಂದ ಎದ್ದು ಬರಲಿಲ್ಲ.